ಲ್ಯಾಪ್‌ಟಾಪಿಗೆ ಬೇರೊಂದು ಲಿನಕ್ಸ್ ವಿತರಣೆ: ಆಯ್ಕೆಗೆ ಮುನ್ನ ವರ್ತಕರು ಪರಿಶೀಲಿಸಬೇಕಾದ ಅಂಶಗಳು

ಪರವಾನಗಿ ಶುಲ್ಕವಿಲ್ಲದೆ ದೊರೆಯುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ವ್ಯವಹಾರದ ಲ್ಯಾಪ್‌ಟಾಪಿನಲ್ಲಿ ಬಳಸುತ್ತಿರುವ ಸದಸ್ಯರು ನಮ್ಮಲ್ಲಿದ್ದಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಕ್ತಾಯಗೊಂಡ ಮೇಲೆ, ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಸೌಲಭ್ಯವಿಲ್ಲದ ಯಂತ್ರಗಳನ್ನು ಉಳಿಸಿಕೊಳ್ಳಲು ಲಿನಕ್ಸ್‌ನತ್ತ ದೃಷ್ಟಿ ಹರಿಸಿದವರೂ ಇದ್ದಾರೆ. ಆದರೆ ಲಿನಕ್ಸ್ ಅಳವಡಿಸಿಕೊಂಡ ಮಾತ್ರಕ್ಕೆ ಚಿಂತೆ ಮುಗಿಯಿತೆಂದು ಭಾವಿಸುವಂತಿಲ್ಲ. ಅಲ್ಲಿಯೂ ಪ್ರತಿಯೊಂದು ಆವೃತ್ತಿಗೆ ಒಂದು ಆಯುಷ್ಯವಿದೆ. ಉದಾಹರಣೆಗೆ, ಉಬುಂಟು 20.04 ಆವೃತ್ತಿಯ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿಯಿತು. ಇಂತಹ ಸಂದರ್ಭದಲ್ಲಿ ಬೇರೆ ವಿತರಣೆಗೆ ಬದಲಾಯಿಸಬೇಕೇ, ಬದಲಾಯಿಸುವುದಾದರೆ ಯಾವುದಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ತಂತ್ರಜ್ಞರು ವೇಗ, ಸೌಂದರ್ಯ, ಹೊಸತನಗಳ ಆಧಾರದ ಮೇಲೆ ಉತ್ತರಿಸುತ್ತಾರೆ. ಲೆಕ್ಕಪತ್ರಗಳನ್ನು ಕಾಪಾಡಬೇಕಾದ ವರ್ತಕರು ಬೇರೊಂದು ಅಳತೆಗೋಲನ್ನು ಹಿಡಿಯುವುದು ಒಳಿತು. ಒಂದು ಸಂಸ್ಥೆಯ ಲೆಕ್ಕಪರಿಶೋಧನೆ ನಡೆಸುವಾಗ ಅದು ಮುಂದೆಯೂ ನಡೆದುಕೊಂಡು ಹೋಗುವ ಸಂಸ್ಥೆಯೇ ಎಂಬುದನ್ನು ನಾವು ಪರೀಕ್ಷಿಸುತ್ತೇವೆ. ಲಿನಕ್ಸ್ ವಿತರಣೆಯ ಆಯ್ಕೆಯಲ್ಲಿಯೂ ಇದೇ ಮೊದಲ ಪ್ರಶ್ನೆಯಾಗಬೇಕು ಎಂಬುದು ಈ ಲೇಖನದ ಆಶಯ.

1. ವಿತರಣೆ ಎಂದರೇನು?

ಲಿನಕ್ಸ್ ಎಂಬುದು ಕಟ್ಟುನಿಟ್ಟಾಗಿ ಹೇಳುವುದಾದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು ಮಾತ್ರ. ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಇದನ್ನು ಆರಂಭಿಸಿದರು. ಈ ತಿರುಳಿಗೆ ಪರದೆಯ ವಿನ್ಯಾಸ, ಬ್ರೌಸರ್, ಕಚೇರಿ ತಂತ್ರಾಂಶ, ಪ್ರಿಂಟರ್ ಚಾಲಕಗಳು ಮೊದಲಾದವನ್ನು ಸೇರಿಸಿ, ಪರೀಕ್ಷಿಸಿ, ಬಳಕೆಗೆ ಸಿದ್ಧವಾದ ರೂಪದಲ್ಲಿ ಒದಗಿಸುವುದೇ ವಿತರಣೆ. ಒಂದೇ ಬೆಳೆಯ ಭತ್ತವನ್ನು ಬೇರೆ ಬೇರೆ ಗಿರಣಿಗಳು ತಮ್ಮ ತಮ್ಮ ರೀತಿಯಲ್ಲಿ ಅಕ್ಕಿ ಮಾಡಿ ಚೀಲ ತುಂಬಿದಂತೆ ಎನ್ನಬಹುದು.

ವಿತರಣೆಗಳು ನೂರಾರಿದ್ದರೂ ಮುಖ್ಯ ಮನೆತನಗಳು ಕೆಲವೇ. 1993ರಲ್ಲಿ ಆರಂಭವಾದ ಡೆಬಿಯನ್ ಸ್ವಯಂಸೇವಕರಿಂದ ನಡೆಯುವ ಯೋಜನೆ. ಅದರ ಆಧಾರದ ಮೇಲೆ 2004ರಲ್ಲಿ ಉಬುಂಟು, ಉಬುಂಟುವಿನ ಆಧಾರದ ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್ ಬಂದವು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿರುವ ಬಾಸ್ ಲಿನಕ್ಸ್ ಕೂಡ ಡೆಬಿಯನ್ ಮನೆತನದ್ದೇ. ಇವುಗಳಲ್ಲಿ ತಂತ್ರಾಂಶಗಳು 'ಡೆಬ್' ಎಂಬ ಪೊಟ್ಟಣದ ರೂಪದಲ್ಲಿ ದೊರೆಯುತ್ತವೆ. ಮತ್ತೊಂದು ಮನೆತನ ರೆಡ್ ಹ್ಯಾಟ್ ಸಂಸ್ಥೆಯದು. 2003ರಲ್ಲಿ ಆರಂಭವಾದ ಫೆಡೋರಾ ಇದಕ್ಕೆ ಸೇರಿದ್ದು, ಇಲ್ಲಿ 'ಆರ್‌ಪಿಎಂ' ಪೊಟ್ಟಣಗಳು ಬಳಕೆಯಲ್ಲಿವೆ. ಪೊಟ್ಟಣದ ಈ ಭೇದ ಮುಂದೆ ಡಿಜಿಟಲ್ ಸಹಿಯ ಟೋಕನ್ ವಿಷಯದಲ್ಲಿ ಮುಖ್ಯವಾಗುತ್ತದೆ.

2. ಬದಲಾವಣೆ ನಿಜವಾಗಿಯೂ ಅಗತ್ಯವೇ?

ಪರದೆಯ ರೂಪ ಹಿಡಿಸದೆ ವಿತರಣೆಯನ್ನೇ ಬದಲಾಯಿಸುವುದು ಅನಗತ್ಯ. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಮೊದಲಾದ ಪರದೆ ವಿನ್ಯಾಸಗಳಲ್ಲಿ ಬೇಕಾದುದನ್ನು ಪ್ರಮುಖ ವಿತರಣೆಗಳಲ್ಲಿ ಇದ್ದಲ್ಲಿಯೇ ಅಳವಡಿಸಿಕೊಳ್ಳಬಹುದು. ಆವೃತ್ತಿ ಹಳೆಯದಾಯಿತೆಂಬ ಕಾರಣಕ್ಕೂ ಮನೆ ಬದಲಾಯಿಸಬೇಕಿಲ್ಲ. ಉಬುಂಟು 20.04 ಇರುವ ಯಂತ್ರವನ್ನು ಮೊದಲು 22.04ಕ್ಕೆ, ಅಲ್ಲಿಂದ 24.04ಕ್ಕೆ ಹಂತಹಂತವಾಗಿ ಏರಿಸಲು ಅವಕಾಶವಿದೆ.

ಬದಲಾವಣೆಗೆ ಯುಕ್ತವಾದ ಕಾರಣಗಳು ಮೂರು: ವಿತರಣೆಯೇ ನಿಂತುಹೋಗಿರುವುದು ಅಥವಾ ನಿಲ್ಲುವ ಸೂಚನೆ ಇರುವುದು, ಅದರ ಹೊಸ ಆವೃತ್ತಿ ನಮ್ಮ ಯಂತ್ರಕ್ಕೆ ಭಾರವಾಗಿರುವುದು ಅಥವಾ ಒಗ್ಗದಿರುವುದು, ವ್ಯವಹಾರಕ್ಕೆ ಅನಿವಾರ್ಯವಾದ ಒಂದು ತಂತ್ರಾಂಶ ಅಥವಾ ಸಾಧನ ಅದರಲ್ಲಿ ಕೆಲಸ ಮಾಡದಿರುವುದು. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಇರುವುದನ್ನೇ ನವೀಕರಿಸಿಕೊಳ್ಳುವುದು ಜಾಣತನ.

3. ಮುಂದುವರಿಕೆಯ ಪರೀಕ್ಷೆ

ಬೆಂಬಲದ ಅವಧಿ ಮುಗಿದ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಯಂತ್ರ ಎಂದಿನಂತೆ ಚಾಲನೆಗೊಳ್ಳುತ್ತದೆ, ಬಿಲ್ಲುಗಳು ಮುದ್ರಣವಾಗುತ್ತವೆ, ಹೊರನೋಟಕ್ಕೆ ಯಾವ ವ್ಯತ್ಯಾಸವೂ ಕಾಣದು. ಆದರೆ ಅದರ ನಂತರ ಪತ್ತೆಯಾಗುವ ಪ್ರತಿಯೊಂದು ದೋಷವೂ ಬೀಗವಿಲ್ಲದ ಬಾಗಿಲಿನಂತೆ ತೆರೆದೇ ಇರುತ್ತದೆ. ಬ್ಯಾಂಕ್ ವ್ಯವಹಾರವನ್ನೂ ಜಿಎಸ್‌ಟಿ ಖಾತೆಯನ್ನೂ ಅದೇ ಯಂತ್ರದಲ್ಲಿ ನಿರ್ವಹಿಸುವವರಿಗೆ ಇದು ಸಣ್ಣ ಅಪಾಯವಲ್ಲ.

ಆದುದರಿಂದ ಮೊದಲು ಅವಧಿಯನ್ನು ನೋಡಬೇಕು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷಗಳ ಸಾಮಾನ್ಯ ಬೆಂಬಲವಿದೆ; 24.04ಕ್ಕೆ ಇದು 2029ರವರೆಗೆ. 'ಉಬುಂಟು ಪ್ರೊ' ಎಂಬ ನೋಂದಣಿಯಿಂದ ಭದ್ರತಾ ತಿದ್ದುಪಡಿಗಳ ಅವಧಿ ಒಟ್ಟು 10 ವರ್ಷಗಳಿಗೆ ವಿಸ್ತರಿಸುತ್ತದೆ. 5 ಯಂತ್ರಗಳವರೆಗೆ ಇದಕ್ಕೆ ಶುಲ್ಕವಿಲ್ಲ. ಲಿನಕ್ಸ್ ಮಿಂಟ್ 22ರ ಬೆಂಬಲವೂ 2029ರವರೆಗೆ ಇದೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ಕ್ಕೆ ಮೂರು ವರ್ಷಗಳ ಪೂರ್ಣ ಬೆಂಬಲವೂ, ದೀರ್ಘಾವಧಿ ತಂಡದ ನೆರವಿನಿಂದ 2030ರವರೆಗೆ ಭದ್ರತಾ ತಿದ್ದುಪಡಿಗಳೂ ಇವೆ. ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳುಗಳ ಆಯುಷ್ಯ ಮಾತ್ರ. ಹೊಸ ಯಂತ್ರಾಂಶಗಳಿಗೆ ಅದು ಅತ್ಯುತ್ತಮವಾದರೂ ವರ್ಷಕ್ಕೊಮ್ಮೆಯಾದರೂ ನವೀಕರಿಸಲೇಬೇಕಾಗುತ್ತದೆ.

ಎರಡನೆಯದಾಗಿ, ಅವಧಿಯ ಭರವಸೆ ಕೊಟ್ಟವರು ಯಾರು, ಅವರ ಹಿಂದಿನ ನಡವಳಿಕೆ ಏನು ಎಂಬುದನ್ನು ನೋಡಬೇಕು. ಸೆಂಟ್‌ಓಎಸ್ ಎಂಬ ವಿತರಣೆಯ 8ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿರುವುದೆಂದು ಬಳಕೆದಾರರು ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ ಹೊರಬಿದ್ದ ಪ್ರಕಟಣೆ ಆ ಅವಧಿಯನ್ನು 2021ರ ಡಿಸೆಂಬರ್ 31ಕ್ಕೆ ಮೊಟಕುಗೊಳಿಸಿತು. ಎಂಟು ವರ್ಷಗಳ ಲೆಕ್ಕಾಚಾರ ಒಂದೇ ದಿನದಲ್ಲಿ ತಲೆಕೆಳಗಾಯಿತು. ಅದರ ಜಾಗವನ್ನು ತುಂಬಲು ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ 2021ರಲ್ಲಿ ಬಂದವು. ಒಂದು ಕಾಲದಲ್ಲಿ ಬಹು ಜನಪ್ರಿಯವಾಗಿದ್ದ ಮ್ಯಾಂಡ್ರಿವಾದ ಫ್ರೆಂಚ್ ಕಂಪನಿ 2015ರಲ್ಲಿ ಸಮಾಪನಗೊಂಡಿತು. ಆಂಟರ್ಗೋಸ್ ಎಂಬ ವಿತರಣೆಯನ್ನು ನಡೆಸುತ್ತಿದ್ದವರು ಸಮಯಾಭಾವದ ಕಾರಣದಿಂದ 2019ರಲ್ಲಿ ಅದನ್ನು ನಿಲ್ಲಿಸಿದರು. ಕಂಪನಿಯ ಬೆಂಬಲವಿದ್ದರೆ ಭದ್ರ, ಸ್ವಯಂಸೇವಕರದಾದರೆ ಅಭದ್ರ ಎಂಬ ಸರಳ ಸೂತ್ರ ಇಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಕಂಪನಿಗಳು ನೀತಿ ಬದಲಾಯಿಸಿದ ಕಾಲದಲ್ಲಿಯೂ ಸ್ವಯಂಸೇವಕರ ಡೆಬಿಯನ್ ಮೂರು ದಶಕಗಳಿಗೂ ಮೀರಿ ನಡೆದುಬಂದಿದೆ. ಒಬ್ಬಿಬ್ಬರನ್ನೇ ಅವಲಂಬಿಸಿದ ಹೊಸ ವಿತರಣೆಗಳನ್ನು, ಅವು ಎಷ್ಟೇ ಅಂದವಾಗಿರಲಿ, ವ್ಯವಹಾರದ ಯಂತ್ರದಿಂದ ದೂರವಿಡುವುದು ಕ್ಷೇಮ.

ಮೂರನೆಯದಾಗಿ, ಅತಿ ಹೊಸದು ಯಾವಾಗಲೂ ಅತಿ ಸುರಕ್ಷಿತವಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಬೇಕೆಂದೇ ಸೇರಿಸಿದ್ದ ಕಳ್ಳದಾರಿ ಬೆಳಕಿಗೆ ಬಂದಿತು. ಅದು ಸೇರಿಕೊಂಡಿದ್ದುದು ಮುಖ್ಯವಾಗಿ ಪರೀಕ್ಷಾ ಹಂತದ ಹಾಗೂ ನಿರಂತರವಾಗಿ ಹೊಸದಾಗುತ್ತಿರುವ ವಿತರಣೆಗಳಲ್ಲಿ. ಡೆಬಿಯನ್‌ನ ಸ್ಥಿರ ಆವೃತ್ತಿಯನ್ನಾಗಲಿ ಉಬುಂಟುವಿನ ಬಿಡುಗಡೆಯಾದ ಆವೃತ್ತಿಗಳನ್ನಾಗಲಿ ಅದು ತಲುಪಿರಲಿಲ್ಲ. ಲೆಕ್ಕಪತ್ರದ ಯಂತ್ರಕ್ಕೆ ಸ್ಥಿರ ಆವೃತ್ತಿಯೇ ತಕ್ಕುದು ಎಂಬುದಕ್ಕೆ ಇದೊಂದು ನಿದರ್ಶನ.

4. ಯಂತ್ರಕ್ಕೆ ಒಗ್ಗುವುದೇ?

ಕಂಪನಿ ಕಾಯ್ದೆ 2013ರ ಎರಡನೆಯ ಅನುಸೂಚಿಯ ಪ್ರಕಾರ ಲ್ಯಾಪ್‌ಟಾಪಿನ ಉಪಯುಕ್ತ ಆಯುಷ್ಯ 3 ವರ್ಷ. ಪುಸ್ತಕದಲ್ಲಿ ಅದರ ಮೌಲ್ಯ ಕರಗಿಹೋದ ನಂತರವೂ ಯಂತ್ರ ಹಲವು ವರ್ಷ ದುಡಿಯಬಲ್ಲುದು. ಆದರೆ ಕೆಲವು ಮಿತಿಗಳನ್ನು ಅರಿತಿರಬೇಕು.

ಯಂತ್ರದ ಪ್ರೊಸೆಸರ್ 32 ಬಿಟ್‌ನದಾಗಿದ್ದರೆ ಆಯ್ಕೆ ತೀರ ಕಿರಿದು. ಉಬುಂಟು 18.04ರ ನಂತರ ಅಂತಹ ಯಂತ್ರಗಳನ್ನು ಕೈಬಿಟ್ಟಿತು. ಡೆಬಿಯನ್ 13ರಲ್ಲಿಯೂ ಅವುಗಳಿಗೆ ಅನುಸ್ಥಾಪನಾ ಕಡತವಿಲ್ಲ. ಅಂತಹ ಯಂತ್ರಕ್ಕೆ ವ್ಯವಹಾರದಿಂದ ನಿವೃತ್ತಿ ನೀಡುವುದೇ ಲೇಸು. 64 ಬಿಟ್‌ನ ಯಂತ್ರದಲ್ಲಿ 4 ಜಿಬಿ ಸ್ಮರಣಶಕ್ತಿ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಎಕ್ಸ್‌ಎಫ್‌ಸಿಇ ಪರದೆಯ ಡೆಬಿಯನ್ ಸಾಕಾಗುತ್ತದೆ. ಗ್ನೋಮ್ ಪರದೆಯ ಉಬುಂಟು ಇಲ್ಲವೇ ಫೆಡೋರಾಕ್ಕೆ 8 ಜಿಬಿ ಇದ್ದರೆ ಸರಾಗ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇನ್ನೂ ಇದ್ದಲ್ಲಿ, ವಿತರಣೆಯ ಬಗ್ಗೆ ಯೋಚಿಸುವ ಮೊದಲು ಎಸ್‌ಎಸ್‌ಡಿ ಹಾಕಿಸುವುದು ಒಳ್ಳೆಯದು. ನಿಧಾನಗತಿಯ ದೂರುಗಳಲ್ಲಿ ಬಹುಪಾಲು ಅಲ್ಲಿಗೇ ತೀರುತ್ತವೆ.

ವೈಫೈ ಚಿಪ್‌ಗಳಲ್ಲಿ ಕೆಲವಕ್ಕೆ ತಯಾರಕರ ಮುಚ್ಚಿದ ಫರ್ಮ್‌ವೇರ್ ಬೇಕು. ಡೆಬಿಯನ್ ಮೊದಲು ಇದನ್ನು ಪ್ರತ್ಯೇಕವಾಗಿ ಇರಿಸುತ್ತಿತ್ತು. 2022ರಲ್ಲಿ ನಡೆದ ಸದಸ್ಯರ ಮತದಾನದ ನಂತರ, 12ನೆಯ ಆವೃತ್ತಿಯಿಂದ ಅದನ್ನು ಅನುಸ್ಥಾಪನಾ ಕಡತದಲ್ಲಿಯೇ ಸೇರಿಸುತ್ತಿದೆ. ಪ್ರಿಂಟರುಗಳ ವಿಷಯದಲ್ಲಿ ಎಚ್‌ಪಿ ಮಾದರಿಗಳಿಗೆ 'ಎಚ್‌ಪ್ಲಿಪ್' ಎಂಬ ಚಾಲಕವೂ, ಎಪ್ಸನ್ 9 ಪಿನ್ ಡಾಟ್ ಮ್ಯಾಟ್ರಿಕ್ಸ್ ಮಾದರಿಗಳಿಗೆ ಸಾಮಾನ್ಯ ಚಾಲಕವೂ ವಿತರಣೆಗಳಲ್ಲಿಯೇ ಲಭ್ಯ. ನಮ್ಮ ಕಚೇರಿಗಳಲ್ಲಿ ವ್ಯಾಪಕವಾಗಿರುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಪ್ರತ್ಯೇಕ ಚಾಲಕವನ್ನು ಬೇಡುತ್ತದೆ. ಅದನ್ನು ಮುಂಚಿತವಾಗಿ ಪರೀಕ್ಷಿಸದೆ ಮುಂದುವರಿಯಬಾರದು.

5. ಕಚೇರಿಯ ಕೆಲಸ ನಿಲ್ಲದೆ ನಡೆಯುವುದೇ?

ಜಿಎಸ್‌ಟಿ ಜಾಲತಾಣ, ಇ-ವೇ ಬಿಲ್, ಬ್ಯಾಂಕ್ ವ್ಯವಹಾರಗಳು ಬ್ರೌಸರಿನಲ್ಲಿ ನಡೆಯುವುದರಿಂದ ವಿತರಣೆ ಯಾವುದಾದರೂ ಅಡ್ಡಿಯಿಲ್ಲ. ತೊಡಕು ಇರುವುದು ಇತರ ನಾಲ್ಕು ಕಡೆಗಳಲ್ಲಿ.

ಮೊದಲನೆಯದು ಲೆಕ್ಕದ ತಂತ್ರಾಂಶ. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಟ್ಯಾಲಿ ಪ್ರೈಮ್ ವಿಂಡೋಸ್‌ಗಾಗಿ ರೂಪಿತವಾದುದು. ವೈನ್ ಎಂಬ ಸಾಧನದ ಮೂಲಕ ಅದನ್ನು ಲಿನಕ್ಸ್‌ನಲ್ಲಿ ನಡೆಸುವವರಿದ್ದಾರೆ. ಆದರೆ ವರ್ಷದ ಲೆಕ್ಕವನ್ನು ಅಂತಹ ಏರ್ಪಾಡಿನ ಮೇಲೆ ನಿಲ್ಲಿಸುವುದು ಉಚಿತವಲ್ಲ. ಕಚೇರಿಯ ಒಂದು ವಿಂಡೋಸ್ ಯಂತ್ರದಲ್ಲಿ ಟ್ಯಾಲಿಯನ್ನು ಇರಿಸಿ, ಲಿನಕ್ಸ್ ಲ್ಯಾಪ್‌ಟಾಪಿನಿಂದ ರೆಮಿನಾ ಎಂಬ ದೂರಸಂಪರ್ಕ ತಂತ್ರಾಂಶದ ಮೂಲಕ ಅದನ್ನು ಬಳಸುವುದು ಹೆಚ್ಚು ಭದ್ರ. ಇದಕ್ಕೆ ಆ ಯಂತ್ರದಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಇರಬೇಕು.

ಶುಲ್ಕರಹಿತವೆಂದು ಗ್ನುಕ್ಯಾಶ್‌ನಂತಹ ತಂತ್ರಾಂಶಕ್ಕೆ ಹೊರಳುವ ಕಂಪನಿಗಳು ವಿಶೇಷ ಎಚ್ಚರ ವಹಿಸಬೇಕು. ಕಂಪನಿಗಳ ಲೆಕ್ಕಪತ್ರ ನಿಯಮಗಳು 2014ರ 3ನೆಯ ನಿಯಮದಂತೆ, ಗಣಕದಲ್ಲಿ ಲೆಕ್ಕ ಇಡುವ ಪ್ರತಿಯೊಂದು ಕಂಪನಿಯೂ 2023ರ ಏಪ್ರಿಲ್ 1ರಿಂದ, ಪ್ರತಿ ವ್ಯವಹಾರದ ತಿದ್ದುಪಡಿಯನ್ನು ದಿನಾಂಕಸಹಿತ ದಾಖಲಿಸುವ, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲಾಗದ ತಂತ್ರಾಂಶವನ್ನೇ ಬಳಸಬೇಕು. ಲೆಕ್ಕಪರಿಶೋಧಕರು ಈ ಬಗ್ಗೆ ತಮ್ಮ ವರದಿಯಲ್ಲಿ ತಿಳಿಸಬೇಕಾಗುತ್ತದೆ. ಗ್ನುಕ್ಯಾಶ್ ಈ ಉದ್ದೇಶಕ್ಕಾಗಿ ರೂಪಿತವಾದುದಲ್ಲ. ಈ ನಿಯಮ ಕಂಪನಿಗಳಿಗೆ ಸೀಮಿತ. ಏಕವ್ಯಕ್ತಿ ಮಾಲೀಕತ್ವದ ಅಂಗಡಿಗಳಿಗಾಗಲಿ ಪಾಲುದಾರಿಕೆ ಸಂಸ್ಥೆಗಳಿಗಾಗಲಿ ಅನ್ವಯಿಸದು.

ಎರಡನೆಯದು ಡಿಜಿಟಲ್ ಸಹಿಯ ಟೋಕನ್. ಕೆಲವು ಟೋಕನ್ ತಯಾರಕರು ಲಿನಕ್ಸ್‌ಗೆ ಚಾಲಕಗಳನ್ನು ಒದಗಿಸಿದ್ದಾರೆ. ನಿಮ್ಮ ಟೋಕನ್ನಿನ ಚಾಲಕ 'ಡೆಬ್' ರೂಪದಲ್ಲಿ ಮಾತ್ರ ಇದ್ದರೆ ಫೆಡೋರಾವನ್ನು ಆರಿಸಿಕೊಂಡವರು ತೊಂದರೆಗೆ ಸಿಲುಕುತ್ತಾರೆ. ವಿತರಣೆಯ ಹೆಸರನ್ನು ಕೇಳುವ ಮುನ್ನ ಟೋಕನ್ನಿನ ಹೆಸರನ್ನು ನೋಡಿಕೊಳ್ಳುವುದು ಸರಿಯಾದ ಕ್ರಮ.

ಮೂರನೆಯದು ಎಕ್ಸೆಲ್ ಆಧಾರಿತ ಕಡತಗಳು. ಆದಾಯ ತೆರಿಗೆ ಇಲಾಖೆಯ ಮ್ಯಾಕ್ರೋ ಸಹಿತ ಎಕ್ಸೆಲ್ ನಮೂನೆಗಳಿಗೆ ಮೈಕ್ರೋಸಾಫ್ಟ್ ಎಕ್ಸೆಲ್ ಬೇಕು; ಲಿಬ್ರೆಆಫೀಸಿನಲ್ಲಿ ಅವು ಸರಿಯಾಗಿ ನಡೆಯುವ ಭರವಸೆಯಿಲ್ಲ. ಹಲವು ನಮೂನೆಗಳನ್ನು ಬ್ರೌಸರಿನಲ್ಲಿಯೇ ಭರ್ತಿ ಮಾಡಬಹುದಾದ್ದರಿಂದ ಸಣ್ಣ ವರ್ತಕರಿಗೆ ಇದು ದೊಡ್ಡ ಅಡಚಣೆಯಾಗಲಾರದು.

ನಾಲ್ಕನೆಯದು ಕನ್ನಡ. ಪ್ರಮುಖ ವಿತರಣೆಗಳಲ್ಲಿ ಯೂನಿಕೋಡ್ ಕನ್ನಡ ಲಿಪಿಯೂ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಕೀಲಿಮಣೆ ವಿನ್ಯಾಸಗಳೂ ಸಿಗುತ್ತವೆ. ಆದರೆ ಯೂನಿಕೋಡ್‌ಪೂರ್ವದ ನುಡಿ ಮತ್ತು ಬರಹ ಲಿಪಿಗಳಲ್ಲಿ ಸಿದ್ಧಪಡಿಸಿದ ಹಳೆಯ ಪತ್ರಗಳು, ಕರಾರುಗಳು ಆ ಫಾಂಟುಗಳಿಲ್ಲದೆ ಅರ್ಥಹೀನ ಅಕ್ಷರಗಳಾಗಿ ತೋರುತ್ತವೆ. ವಿಂಡೋಸ್ ಯಂತ್ರ ಕೈಯಲ್ಲಿರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲವೇ ಪಿಡಿಎಫ್ ಮಾಡಿ ಇಡಬೇಕು.

6. ಬದಲಾಯಿಸುವ ಕ್ರಮ

ಅ) ದಿನಾಂಕ: ತಿಂಗಳ 7ರ ಮೂಲದಲ್ಲಿ ಕಡಿತವಾದ ತೆರಿಗೆಯ ಪಾವತಿ, 11ರ ಜಿಎಸ್‌ಟಿಆರ್-1 ಹಾಗೂ 20ರ ಜಿಎಸ್‌ಟಿಆರ್-3ಬಿ ಮುಗಿದ ಮೇಲಿನ ವಾರವನ್ನೇ ಆರಿಸಿಕೊಳ್ಳಿ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳು ಬೇಡ.

ಆ) ಬ್ಯಾಕಪ್: ಎಲ್ಲ ಕಡತಗಳನ್ನು ಎರಡು ಪ್ರತ್ಯೇಕ ಡಿಸ್ಕುಗಳಿಗೆ ನಕಲಿಸಿ, ಒಂದನ್ನು ಕಚೇರಿಯಿಂದ ಹೊರಗೆ ಇಡಿ. ನಕಲು ತೆಗೆದರೆ ಸಾಲದು. ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು, ಒಂದೆರಡು ಖಾತೆಗಳ ಶಿಲ್ಕನ್ನು ತಾಳೆ ನೋಡಿ. ಕಂಪನಿಗಳು 8 ಹಣಕಾಸು ವರ್ಷಗಳ ಪುಸ್ತಕಗಳನ್ನೂ, ಜಿಎಸ್‌ಟಿ ನೋಂದಾಯಿತರು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕಡೆಯ ದಿನದಿಂದ 72 ತಿಂಗಳ ಕಾಲ ದಾಖಲೆಗಳನ್ನೂ ಕಾಪಾಡಬೇಕೆಂಬುದನ್ನು ಮರೆಯಬಾರದು. ಡಿಸ್ಕನ್ನು ಅಳಿಸುವ ಒಂದು ಗುಂಡಿ ಆ ಹೊಣೆಯನ್ನು ಅಳಿಸುವುದಿಲ್ಲ.

ಇ) ಕಡತದ ಅಸಲಿತನ: ವಿತರಣೆಯ ಅಧಿಕೃತ ತಾಣದಿಂದಲೇ ಅನುಸ್ಥಾಪನಾ ಕಡತವನ್ನು ಇಳಿಸಿಕೊಂಡು, ಅದರ ಪರಿಶೀಲನಾ ಸಂಖ್ಯೆಯನ್ನು ಹಾಗೂ ಅಲ್ಲಿ ನೀಡಿರುವ ಡಿಜಿಟಲ್ ಸಹಿಯನ್ನು ತಾಳೆ ನೋಡಬೇಕು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟಿನ ತಾಣಕ್ಕೇ ಕನ್ನ ಹಾಕಿದವರು ಕಳ್ಳದಾರಿಯಿದ್ದ ಕಡತದ ಕೊಂಡಿಯನ್ನು ಅಲ್ಲಿ ಇರಿಸಿದ್ದರು. ತಾಳೆ ನೋಡಿದವರಷ್ಟೇ ಅದನ್ನು ಗುರುತಿಸಬಲ್ಲವರಾಗಿದ್ದರು.

ಈ) ಪ್ರಯೋಗ: ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪನ್ನು ಚಾಲನೆಗೊಳಿಸಿ, ಡಿಸ್ಕನ್ನು ಮುಟ್ಟದೆ ವಿತರಣೆಯನ್ನು ಪರೀಕ್ಷಿಸುವ ಸೌಲಭ್ಯವಿದೆ. ವೈಫೈ, ಧ್ವನಿ, ಪ್ರಿಂಟರ್, ಟೋಕನ್, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುವುದು ಇವಿಷ್ಟನ್ನೂ ಪಟ್ಟಿ ಮಾಡಿ ಗುರುತು ಹಾಕುತ್ತ ಹೋಗಿ.

ಉ) ಅನುಸ್ಥಾಪನೆ: ಡಿಸ್ಕಿನ ಮಾಹಿತಿಯನ್ನು ಗುಪ್ತಸಂಕೇತದಲ್ಲಿ ಇರಿಸುವ ಎನ್‌ಕ್ರಿಪ್ಷನ್ ಆಯ್ಕೆಯನ್ನು ಅನುಸ್ಥಾಪನೆಯ ಹೊತ್ತಿಗೇ ಒಪ್ಪಿಕೊಳ್ಳಿ, ನಂತರ ಸೇರಿಸುವುದು ಕಷ್ಟ. ಬಸ್ಸಿನಲ್ಲಿ ಕಳೆದುಹೋದ ಲ್ಯಾಪ್‌ಟಾಪಿನಿಂದ ಗಿರಾಕಿಗಳ ವಿವರ ಸೋರದಂತೆ ತಡೆಯುವುದು ಇದೇ. ಅದರ ಪ್ರವೇಶಪದವನ್ನು ಬರೆದು ತಿಜೋರಿಯಲ್ಲಿಡಿ. ಅದನ್ನು ಮರೆತರೆ ಮಾಹಿತಿ ಮರಳಿ ಸಿಗದು.

7. ಒಂದು ಉದಾಹರಣೆ

2016ರಲ್ಲಿ ಖರೀದಿಸಿದ, 64 ಬಿಟ್ ಪ್ರೊಸೆಸರ್, 4 ಜಿಬಿ ಸ್ಮರಣಶಕ್ತಿ ಮತ್ತು ಹಳೆಯ ಹಾರ್ಡ್‌ಡಿಸ್ಕ್ ಇರುವ, ಉಬುಂಟು 20.04 ನಡೆಯುತ್ತಿರುವ ಲ್ಯಾಪ್‌ಟಾಪನ್ನು ತೆಗೆದುಕೊಳ್ಳೋಣ. ಮಾಲೀಕರದು ಏಕವ್ಯಕ್ತಿ ಮಾಲೀಕತ್ವದ ಬಟ್ಟೆ ಅಂಗಡಿ. ಟ್ಯಾಲಿ ಅಂಗಡಿಯ ವಿಂಡೋಸ್ ಯಂತ್ರದಲ್ಲಿದೆ. ಲ್ಯಾಪ್‌ಟಾಪಿನಲ್ಲಿ ಜಿಎಸ್‌ಟಿ, ಬ್ಯಾಂಕ್ ಹಾಗೂ ಪತ್ರವ್ಯವಹಾರ ಮಾತ್ರ.

ಮುಂದುವರಿಕೆಯ ಪರೀಕ್ಷೆಯಲ್ಲಿ ಉಬುಂಟು, ಮಿಂಟ್, ಡೆಬಿಯನ್ ಮೂರೂ ತೇರ್ಗಡೆಯಾಗುತ್ತವೆ. 13 ತಿಂಗಳ ಫೆಡೋರಾ ಹಿಂದುಳಿಯುತ್ತದೆ. ಯಂತ್ರದ ಪರೀಕ್ಷೆಯಲ್ಲಿ ಗ್ನೋಮ್ ಪರದೆಯ ಉಬುಂಟು ಭಾರವಾಗುತ್ತದೆ. ಉಳಿದ ಎರಡರಲ್ಲಿ, ಡೆಬಿಯನ್ 13ರ ಅವಧಿ ಒಂದು ವರ್ಷ ಹೆಚ್ಚಾದರೂ, ಉಬುಂಟುವಿಗೆ ರೂಢಿಯಾದವರಿಗೆ ಅದರ ಸಂತತಿಯೇ ಆದ ಮಿಂಟ್ ಹತ್ತಿರವಾಗುತ್ತದೆ. ಉಬುಂಟುವಿಗಾಗಿ ಸಿದ್ಧಪಡಿಸಿದ 'ಡೆಬ್' ಚಾಲಕಗಳೂ ಸಾಮಾನ್ಯವಾಗಿ ಅದರಲ್ಲಿ ಕೆಲಸ ಮಾಡುತ್ತವೆ. ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಅಳವಡಿಸಿದರೆ 2029ರವರೆಗೆ ಕೆಲಸ ಸಾಗುತ್ತದೆ. ಹಳೆಯ ಹಾರ್ಡ್‌ಡಿಸ್ಕನ್ನು ಅಳಿಸದೆ ಎತ್ತಿಟ್ಟರೆ ಅದೇ ಮೂರನೆಯ ಬ್ಯಾಕಪ್ ಆಗುತ್ತದೆ. ಇದೇ ಮಾಲೀಕರು ಹೊಚ್ಚಹೊಸ ಲ್ಯಾಪ್‌ಟಾಪನ್ನು ಕೊಂಡಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಆಗ ಹೊಸ ತಿರುಳಿರುವ ಉಬುಂಟುವಿಗೆ ಮೊದಲ ಸ್ಥಾನ ಸಲ್ಲುತ್ತಿತ್ತು.

ಉಪಸಂಹಾರ

ಶುಲ್ಕವಿಲ್ಲ ಎಂದರೆ ವೆಚ್ಚವಿಲ್ಲ ಎಂದರ್ಥವಲ್ಲ. ಅನುಸ್ಥಾಪನೆಯ ದಿನ, ಸಿಬ್ಬಂದಿಯ ಕಲಿಕೆ, ತಂತ್ರಜ್ಞರ ಸಂಭಾವನೆ ಇವೆಲ್ಲ ವೆಚ್ಚಗಳೇ. ಪದೇಪದೇ ವಿತರಣೆ ಬದಲಾಯಿಸಿದರೆ ಈ ವೆಚ್ಚ ಮರುಕಳಿಸುತ್ತದೆ. ಆದುದರಿಂದ ಒಮ್ಮೆ ಆಲೋಚಿಸಿ ಆರಿಸಿಕೊಂಡುದರಲ್ಲಿ ನಾಲ್ಕೈದು ವರ್ಷ ನೆಲೆಸುವುದು ಲಾಭದಾಯಕ. ಸದಸ್ಯರು ತಮ್ಮ ಯಂತ್ರದಲ್ಲಿರುವ ಆವೃತ್ತಿಯ ಹೆಸರು, ಬೆಂಬಲ ಮುಗಿಯುವ ದಿನಾಂಕ ಮತ್ತು ಕೊನೆಯ ಬಾರಿ ಬ್ಯಾಕಪ್ಪನ್ನು ತೆರೆದು ನೋಡಿದ ದಿನಾಂಕ, ಈ ಮೂರನ್ನು ಸ್ಥಿರಾಸ್ತಿಗಳ ವಹಿಯಲ್ಲಿ ಆ ಲ್ಯಾಪ್‌ಟಾಪಿನ ನಮೂದಿನ ಪಕ್ಕದಲ್ಲಿಯೇ ಬರೆದಿಡಲಿ. ವಿಮೆಯ ಪಾಲಿಸಿ ಮುಗಿಯುವ ದಿನವನ್ನು ನೋಡುವಷ್ಟೇ ಕಾಳಜಿಯಿಂದ ಈ ದಿನಾಂಕಗಳನ್ನೂ ವರ್ಷಕ್ಕೊಮ್ಮೆ ನೋಡಿಕೊಂಡರೆ, ಬದಲಾವಣೆಯನ್ನು ಅವಸರದಲ್ಲಿ ಮಾಡಬೇಕಾದ ಪ್ರಸಂಗ ಬಾರದು.